ಸೈಪ್ರಸ್‌ನ ಕಲ್ಲೂರುಗಳು: ಮನೆ ಉಳಿದರೆ ಊರು ಉಳಿದೀತೇ?

ರಾಜಧಾನಿ ನಿಕೊಸಿಯಾದಿಂದ ನೈಋತ್ಯಕ್ಕೆ ಸುಮಾರು 40 ಕಿಲೊಮೀಟರು ಬೆಟ್ಟದ ತಿರುವುಗಳನ್ನು ಹತ್ತಿದರೆ ಫಿಕಾರ್ಡು ಎಂಬ ಪುಟ್ಟ ಊರು. ಕಲ್ಲು ಹಾಸಿದ ಓಣಿ, ಓಣಿಯ ಎರಡೂ ಬದಿಗೆ ಕಲ್ಲು-ಮಣ್ಣಿನ ಮನೆಗಳು, ಮೇಲೆ ಇಳಿಜಾರು ಹೆಂಚು, ಬಿಸಿಲು ಕುಡಿದು ಬಣ್ಣಗೆಟ್ಟ ಮರದ ಬಾಗಿಲುಗಳು. ಸೈಪ್ರಸ್ ಸರ್ಕಾರ 1978ರಲ್ಲಿ ಈ ಇಡೀ ಊರನ್ನೇ ಪ್ರಾಚೀನ ಸ್ಮಾರಕವೆಂದು ಘೋಷಿಸಿತು. ಪ್ರಾಚ್ಯವಸ್ತು ಇಲಾಖೆ ಬಿರುಕು ಬಿಟ್ಟ ಗೋಡೆಗಳನ್ನು ಹಳೆಯ ಪದ್ಧತಿಯಲ್ಲೇ ಎತ್ತಿಸಿತು. ಕಾತ್ಸಿನಿಯೋರೊಸ್ ಮನೆ, ಅಖಿಲ್ಲೆಯಸ್ ದಿಮಿತ್ರಿ ಮನೆ ಎಂಬ ಎರಡು ಮನೆಗಳು ಗ್ರಾಮಜೀವನದ ವಸ್ತುಸಂಗ್ರಹಾಲಯಗಳಾದವು. 1987ರಲ್ಲಿ ಈ ಕೆಲಸಕ್ಕೆ ಯುರೋಪಾ ನೋಸ್ಟ್ರಾ ಪ್ರಶಸ್ತಿ ಸಂದಿತು. ಮಗ್ಗ, ಮದ್ಯದ ಗುಡಾಣ, ಬಟ್ಟಿ ಇಳಿಸುವ ಹಂಡೆ ಎಲ್ಲವೂ ಇಂದಿಗೂ ಅಲ್ಲಿ ಜೋಪಾನವಾಗಿವೆ. ಕತ್ತಲಾದ ಮೇಲೆ ದೀಪ ಹತ್ತುವ ಮನೆಗಳು ಮಾತ್ರ ಬೆರಳೆಣಿಕೆಯಷ್ಟು.

ಇದು ಒಂದು ಊರಿನ ಪಾಡಲ್ಲ. ಸೈಪ್ರಸ್ 9,251 ಚದರ ಕಿಲೊಮೀಟರಿನ ದ್ವೀಪ; ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿ, ಸಾರ್ಡಿನಿಯಾ ಬಿಟ್ಟರೆ ಇದೇ ದೊಡ್ಡದು. ಅದರ ನಡುವೆ 1,952 ಮೀಟರ್ ಎತ್ತರಕ್ಕೆ ಏರುವ ಟ್ರೂಡೊಸ್ ಪರ್ವತದ ಸುತ್ತ, ಪಶ್ಚಿಮದ ಪಾಫೋಸ್ ಗುಡ್ಡಗಳಲ್ಲಿ, ಅಕಾಮಸ್‌ನ ಸುಣ್ಣಕಲ್ಲಿನ ಪ್ರಸ್ಥಭೂಮಿಯಲ್ಲಿ ಕಲ್ಲಿನ ಊರುಗಳು ಹರಡಿಕೊಂಡಿವೆ. ಕೆಲವು ಪೂರ್ತಿ ಪಾಳು. ಕೆಲವು ಪ್ರವಾಸಿಗರಿಂದ ಗಿಜಿಗುಡುತ್ತವೆ. ಬಹಳಷ್ಟು ಊರುಗಳು ಇವೆರಡರ ನಡುವೆ, ಮುದುಕರ ಆರೈಕೆಯಲ್ಲಿ ಉಸಿರು ಹಿಡಿದಿವೆ. ಇವು ಹೇಗೆ ಕಟ್ಟಿದ ಊರುಗಳು, ಏಕೆ ಖಾಲಿಯಾದವು, ಉಳಿಸುವ ಯತ್ನಗಳಲ್ಲಿ ಯಾವುದು ಫಲಿಸಿತು, ಯಾವುದು ತಪ್ಪಿತು ಎಂದು ಒಟ್ಟಾಗಿ ನೋಡಬೇಕಾದ ಹೊತ್ತು ಇದು. 2025ರ ಜುಲೈನ ಕಾಡ್ಗಿಚ್ಚು ಅದನ್ನು ಇನ್ನಷ್ಟು ತುರ್ತಾಗಿಸಿದೆ.

ಮೊದಲು ಕಲ್ಲಿನ ಮಾತು. ಟ್ರೂಡೊಸ್ ಎಂಬುದು ಒಂದು ಕಾಲದಲ್ಲಿ ಸಾಗರದ ತಳವಾಗಿದ್ದ ಬಂಡೆ. ಭೂಚಲನೆಯಲ್ಲಿ ಮೇಲೆದ್ದು ಪರ್ವತವಾಯಿತು. ಹೀಗಾಗಿ ಮೇಲಿನ ಊರುಗಳ ಕಲ್ಲು ಕಪ್ಪು-ಬೂದು ಛಾಯೆಯ ಅಗ್ನಿಶಿಲೆ. ಉಳಿಗೆ ಸುಲಭವಾಗಿ ಬಗ್ಗದ ಈ ಕಲ್ಲನ್ನು ಸಿಕ್ಕ ಆಕಾರದಲ್ಲೇ ಹೆಕ್ಕಿ ತಂದು ಮಣ್ಣಿನ ಗಾರೆಯಲ್ಲಿ ಕೂರಿಸುತ್ತಿದ್ದರು. ದಕ್ಷಿಣದ ಇಳಿಜಾರಿಗೆ ಬಂದರೆ ಬಿಳಿ ಸುಣ್ಣಕಲ್ಲು. ಲೆಫ್ಕಾರಾ, ಲೋಫು, ಓಮೊಡೊಸ್ ಊರುಗಳ ಬೆಳ್ಳಗಿನ ಗೋಡೆಗಳು ಆ ಕಲ್ಲಿನವು. ಲೆಫ್ಕಾರಾ ಎಂಬ ಹೆಸರೇ ಬಿಳಿ ಬೆಟ್ಟದಿಂದ ಬಂದದ್ದೆಂದು ಹೇಳುತ್ತಾರೆ. ಇನ್ನು ಮೆಸೋರಿಯಾ ಬಯಲಿನಲ್ಲಿ ಕಲ್ಲು ಅಪರೂಪ. ಅಲ್ಲಿನವರು ಮಣ್ಣಿಗೆ ಹುಲ್ಲು ಕಲಸಿ ತುಳಿದು, ಅಚ್ಚಿಗೆ ಹಾಕಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆಯಲ್ಲಿ ಕಟ್ಟಿದರು. ಅಡಿಪಾಯಕ್ಕೂ ಗೋಡೆಯ ಮೊದಲ ವರಸೆಗಳಿಗೂ ಕಲ್ಲು, ಮೇಲೆ ಮಣ್ಣಿನಿಟ್ಟಿಗೆ. ಈ ಜೋಡಿ ದ್ವೀಪಕ್ಕೆ ಹೊಸದೇನಲ್ಲ. ಕ್ರಿಸ್ತಪೂರ್ವ ಏಳನೆಯ ಸಹಸ್ರಮಾನದಷ್ಟು ಹಳೆಯ ಖೀರೋಕೀಟಿಯಾದ ದುಂಡುಮನೆಗಳಲ್ಲೂ ಕಲ್ಲು ಮತ್ತು ಮಣ್ಣಿನಿಟ್ಟಿಗೆ ಎರಡೂ ಇವೆ. ಆ ನೆಲೆ 1998ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಮನೆಯೊಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ಕಮಾನು. ಬೆಟ್ಟದಲ್ಲಿ ಸಿಗುವ ತೊಲೆಯ ಉದ್ದಕ್ಕೆ ಮಿತಿ ಇದೆ. ತೊಲೆ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಹಾಗೆ ಕಟ್ಟಿದ ಉದ್ದನೆಯ, ಕಿರಿದಾದ ಕೋಣೆಗೆ ಮಕ್ರಿನಾರಿ ಎಂದು ಹೆಸರು. ಅಗಲ ಬೇಕೆಂದವರು ನಡುವೆ ಒಂದು ದೊಡ್ಡ ಕಲ್ಲಿನ ಕಮಾನು ನಿಲ್ಲಿಸಿ, ಎರಡೂ ಕಡೆಯಿಂದ ತೊಲೆಗಳನ್ನು ತಂದು ಅದರ ಮೇಲೆ ಊರಿದರು. ಕೋಣೆಯ ಅಗಲ ಇಮ್ಮಡಿಯಾಯಿತು. ಇದಕ್ಕೆ ದಿಖೊರೊ, ಅಂದರೆ ಎರಡು ಅಂಕಣದ ಮನೆ ಎನ್ನುತ್ತಾರೆ. ಒಂದು ಬದಿಯಲ್ಲಿ ಕುಟುಂಬ ಮಲಗುತ್ತಿತ್ತು, ಇನ್ನೊಂದರಲ್ಲಿ ಕಾಳುಕಡಿ; ಚಳಿಗಾಲದಲ್ಲಿ ಕತ್ತೆಯೋ ಎತ್ತೋ ಅದೇ ಸೂರಿನಡಿ ಬರುವುದೂ ಇತ್ತು. ಮನೆಯ ಮುಂದೆ ದಕ್ಷಿಣಕ್ಕೆ ತೆರೆದ ಜಗುಲಿ, ಇಲಿಯಾಕೋಸ್. ಸೂರ್ಯನ ಗ್ರೀಕ್ ಹೆಸರಿನಿಂದ ಹುಟ್ಟಿದ ಪದ ಅದು. ಚಳಿಗಾಲದ ತಗ್ಗು ಬಿಸಿಲು ಜಗುಲಿಯ ಒಳಗೋಡೆಯವರೆಗೆ ಹರಿಯುತ್ತದೆ; ಬೇಸಿಗೆಯ ನೆತ್ತಿಬಿಸಿಲು ಸೂರಿನ ಅಂಚಿನಲ್ಲೇ ನಿಲ್ಲುತ್ತದೆ. ನೂಲು, ಕಸೂತಿ, ಬಾದಾಮಿ ಬಿಡಿಸುವುದು, ಮಗು ತೂಗುವುದು ಎಲ್ಲ ಅಲ್ಲೇ. ಅಂಗಳದ ಮೂಲೆಯಲ್ಲಿ ಗುಮ್ಮಟದ ಆಕಾರದ ರೊಟ್ಟಿಯ ಒಲೆ. ಉಳ್ಳವರ ಮನೆಗೆ ಮಾತ್ರ ಮಹಡಿ ಕೋಣೆ.

ಚಾವಣಿಯ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಈ ಊರುಗಳ ಸಾವು-ಬದುಕಿನ ಗುಟ್ಟು ಅಲ್ಲಿದೆ. ಟ್ರೂಡೊಸ್‌ನ ಎತ್ತರದ ಊರುಗಳಲ್ಲಿ ಹಿಮ ಬೀಳುವುದರಿಂದ ಕಡಿದಾದ ಹೆಂಚಿನ ಮಾಡು. ಅಲ್ಲಿನ ಚರ್ಚುಗಳಿಗೂ ಅದೇ ರೂಪ. 1105-06ರ ಭಿತ್ತಿಚಿತ್ರಗಳಿರುವ ಆಸಿನೂ ಚರ್ಚನ್ನು ದೂರದಿಂದ ಕಂಡವರು ಅದನ್ನು ದೊಡ್ಡ ಕಣಜವೆಂದು ತಿಳಿದರೂ ಆಶ್ಚರ್ಯವಿಲ್ಲ. ಕಾಕೊಪೆಟ್ರಿಯಾ ಹತ್ತಿರದ ಒಂದು ಚರ್ಚಿಗಂತೂ 'ಮಾಡಿನ ಸಂತ ನಿಕೊಲಾಸ್' ಎಂದೇ ಹೆಸರು. ಟ್ರೂಡೊಸ್‌ನ ಹತ್ತು ಚಿತ್ರಿತ ಚರ್ಚುಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಒಂಬತ್ತು 1985ರಲ್ಲಿ, ಹತ್ತನೆಯದು 2001ರಲ್ಲಿ ಸೇರಿದವು. ಕೆಳಗಿನ ಊರುಗಳದು ಮಾಳಿಗೆ ಮನೆ: ತೊಲೆಯ ಮೇಲೆ ಜೊಂಡು ಅಥವಾ ಚಾಪೆ, ಅದರ ಮೇಲೆ ಕುರುಚಲು ಸೊಪ್ಪು, ಮೇಲೆ ಹುಲ್ಲು ಬೆರೆಸಿದ ಮಣ್ಣಿನ ದಪ್ಪ ಪದರ. ಮೊದಲ ಮಳೆಗೆ ಮುನ್ನ ಪ್ರತಿ ವರ್ಷ ಹೊಸ ಮಣ್ಣು ಹರಡಬೇಕು. ಮಳೆ ಬಿಟ್ಟ ಮೇಲೆ ಹತ್ತಿ ಕಲ್ಲಿನ ಉರುಳೆ ಹೊಡೆದು ಬಿರುಕು ಮುಚ್ಚಬೇಕು. ಮನೆಯವರು ಊರು ಬಿಟ್ಟ ಮೊದಲ ಚಳಿಗಾಲದಲ್ಲಿ ಚಾವಣಿ ಸೋರುತ್ತದೆ. ಕೆಲವು ಮಳೆಗಾಲ ಕಳೆದರೆ ತೊಲೆಯ ತುದಿ ಕೊಳೆತು ಮಣ್ಣು ಒಳಗೆ ಕುಸಿಯುತ್ತದೆ. ಆಮೇಲೆ ನೀರು ಗೋಡೆಯ ತಲೆಯಿಂದ ಇಳಿದು ಕಲ್ಲುಗಳ ನಡುವಿನ ಮಣ್ಣನ್ನು ತೊಳೆದುಬಿಡುತ್ತದೆ. ನೂರಾರು ವರ್ಷ ನಿಂತ ಮನೆ ಒಂದು ತಲೆಮಾರು ಮುಗಿಯುವುದರೊಳಗೆ ಕಲ್ಲುಗುಪ್ಪೆಯಾಗುತ್ತದೆ. ಕೊನೆಯವರೆಗೂ ನಿಲ್ಲುವುದು ಆ ನಡುಗಮಾನು. ಪಾಳೂರುಗಳಲ್ಲಿ ಆಕಾಶಕ್ಕೆ ತೆರೆದು ಒಂಟಿಯಾಗಿ ನಿಂತ ಕಮಾನುಗಳು ಕಾಣುವುದು ಇದೇ ಕಾರಣಕ್ಕೆ.

ಮನೆಯ ಹೊರಗಿನ ಕಲ್ಲುಕೆಲಸ ಮನೆಗಿಂತ ದೊಡ್ಡದು. ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಗಾರೆಯಿಲ್ಲದೆ ಬರಿ ಕಲ್ಲು ಪೇರಿಸಿ ಬದು ಕಟ್ಟಿ, ಅದರ ಹಿಂದೆ ಮಣ್ಣು ತುಂಬಿ ದ್ರಾಕ್ಷಿ, ಬಾದಾಮಿ, ಆಲಿವ್ ಬೆಳೆದರು. ಗಾರೆ ಇಲ್ಲದ ಗೋಡೆಯ ಸಂದಿಗಳಿಂದ ಮಳೆನೀರು ಸೋಸಿ ಇಳಿಯುತ್ತದೆ, ಮಣ್ಣು ಹಿಂದೆಯೇ ಉಳಿಯುತ್ತದೆ. ಸ್ಥಳೀಯರು ಇವನ್ನು ಡೋಮೆಸ್ ಎನ್ನುತ್ತಾರೆ. ಈ ಕಲೆಯನ್ನು ಯುನೆಸ್ಕೊ 2018ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕ್ರೊಯೇಷಿಯಾ, ಗ್ರೀಸ್, ಇಟಲಿ, ಫ್ರಾನ್ಸ್, ಸ್ಪೇನ್, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ಜೊತೆ ಸೈಪ್ರಸ್ ಹೆಸರೂ ಇತ್ತು. ಒಂದು ಕಲ್ಲು ಜಾರಿದರೆ ಅದೇ ದಿನ ಎತ್ತಿಡಬೇಕು. ಬಿಟ್ಟರೆ ಮುಂದಿನ ಮಳೆಗೆ ಅಲ್ಲೊಂದು ಕೊರಕಲು, ಅದರ ಮುಂದಿನ ಮಳೆಗೆ ಕೆಳಗಿನ ಮೂರು ಬದುಗಳೂ ಕುಸಿದಿರುತ್ತವೆ.

ಈ ಬದುಗಳ ಮೇಲೆ ನಿಂತದ್ದೇ ಊರಿನ ಹೊಟ್ಟೆಪಾಡು. ಲಿಮಸೋಲ್‌ನ ಮೇಲಿನ ಗುಡ್ಡಗಳ ಊರುಗಳನ್ನು ಕ್ರಾಸೊಖೋರಿಯಾ, ಮದ್ಯದೂರುಗಳು ಎಂದು ಕರೆಯುತ್ತಾರೆ. ಯುರೋಪಿನ ದ್ರಾಕ್ಷಿತೋಟಗಳನ್ನು 19ನೆಯ ಶತಮಾನದಲ್ಲಿ ನೆಲಸಮ ಮಾಡಿದ ಫಿಲಾಕ್ಸೆರಾ ಎಂಬ ಬೇರುಕೀಟ ಸೈಪ್ರಸ್‌ಗೆ ಕಾಲಿಡಲಿಲ್ಲ. ಇಲ್ಲಿನ ಬಳ್ಳಿಗಳು ಇಂದಿಗೂ ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತಿವೆ. ಬಿಳಿಯ ಕ್ಸಿನಿಸ್ಟೇರಿ, ಕಪ್ಪು ಮಾವ್ರೊ ಇಲ್ಲಿನ ಹಳೆಯ ತಳಿಗಳು. ಇವುಗಳ ಹಣ್ಣು ಕಿತ್ತು ಬಿಸಿಲಿಗೆ ಹರಡಿ, ಒಣಗಿ ಸಿಹಿ ಹೆಪ್ಪುಗಟ್ಟಿದ ಮೇಲೆ ಹಿಂಡಿ ಮಾಡುವ ಕೊಮಂಡಾರಿಯಾ ಮದ್ಯಕ್ಕೆ ಮಧ್ಯಯುಗದ ಕ್ರೈಸ್ತ ಯೋಧಪಂಥದ ಕೊಲೊಸ್ಸಿ ಠಾಣ್ಯದಿಂದ ಹೆಸರು ಬಂತು. ಇಂದು ಕಾನೂನಿನ ಪ್ರಕಾರ ಟ್ರೂಡೊಸ್‌ನ ದಕ್ಷಿಣ ಇಳಿಜಾರಿನ 14 ಊರುಗಳ ದ್ರಾಕ್ಷಿಯಿಂದ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಹಿಂಡಿ ಉಳಿದ ಸಿಪ್ಪೆಯೂ ವ್ಯರ್ಥವಲ್ಲ. ಅದನ್ನು ಬಟ್ಟಿ ಇಳಿಸಿದರೆ ಝಿವಾನಿಯಾ. ಮದ್ಯ ಹುಳಿಸುವ, ಎಣ್ಣೆ ತುಂಬಿಡುವ ಆಳೆತ್ತರದ ಗುಡಾಣಗಳು ಫೀನಿ ಊರಿನ ಕುಂಬಾರರ ಕೈಯವು. ಎಷ್ಟೋ ಗುಡಾಣಗಳ ಮೇಲೆ ಮಾಡಿದ ವರ್ಷ ಕೊರೆದಿದೆ. ಬಾಗಿಲಿಗಿಂತ ದೊಡ್ಡದಾದ ಕೆಲವನ್ನು ಮನೆ ಕಟ್ಟುವ ಮೊದಲೇ ಒಳಗಿರಿಸಿ ಸುತ್ತ ಗೋಡೆ ಎಬ್ಬಿಸುತ್ತಿದ್ದರು.

ಬೇಸಾಯದ ವರ್ಷ ಕಣದಲ್ಲಿ ಮುಗಿಯುತ್ತಿತ್ತು. ದುಕಾನಿ ಎಂಬ ದಪ್ಪ ಹಲಗೆಯ ತಳಕ್ಕೆ ಚಕಮಕಿ ಕಲ್ಲಿನ ಚೂರುಗಳನ್ನು ಸಾಲಾಗಿ ಬಡಿದು, ಅದರ ಮೇಲೆ ಒಬ್ಬರು ನಿಂತು, ಎತ್ತು ಕಟ್ಟಿ ಗೋಧಿಯ ತೆನೆಗಳ ಮೇಲೆ ಸುತ್ತಿಸಿದರೆ ಕಾಳು ಬೇರೆ, ಹುಲ್ಲು ಬೇರೆ. ಕಲ್ಲಿನ ಯುಗದ ಉಪಕರಣದ ಸೋದರಸಂಬಂಧಿಯಂತಿರುವ ಈ ಹಲಗೆ 20ನೆಯ ಶತಮಾನದ ನಡುವಿನವರೆಗೂ ಬಳಕೆಯಲ್ಲಿತ್ತು. ಕ್ಯಾರಬ್ ಮರದ ಕಾಯಿ ರಫ್ತಾಗಿ ಕಾಸು ತರುತ್ತಿದ್ದುದರಿಂದ ಅದಕ್ಕೆ 'ಕಪ್ಪು ಚಿನ್ನ' ಎಂಬ ಹೆಸರು ಬಿತ್ತು. ಮನೆಮನೆಯ ಕುರಿ-ಮೇಕೆಯ ಹಾಲು ಹಲ್ಲೂಮಿ ಎಂಬ ಚೀಸ್ ಆಗುತ್ತಿತ್ತು. ತುರ್ಕಿ ಮಾತಾಡುವವರು ಅದನ್ನೇ ಹೆಲ್ಲಿಮ್ ಎನ್ನುತ್ತಾರೆ. ಒಂದೇ ಮನೆಯ ಹಾಲು ಒಂದು ಕಡಾಯಿಗೆ ಸಾಲದು. ನೆರೆಮನೆಯ ಹೆಂಗಸರು ಹಾಲು ಕೂಡಿಸಿ ಸರದಿಯ ಮೇಲೆ ಕಾಯಿಸುತ್ತಿದ್ದರು. ಇಂದು ಒಬ್ಬರ ಮನೆಗೆ, ನಾಳೆ ಇನ್ನೊಬ್ಬರ ಮನೆಗೆ.

ಲೆಫ್ಕಾರಾದ ದಾರಿ ಬೇರೆ. ಅಲ್ಲಿನ ದೊಡ್ಡ ಮಹಡಿ ಮನೆಗಳು ಎದ್ದದ್ದು ಹೆಂಗಸರ ಸೂಜಿಯಿಂದ. ಬಟ್ಟೆಯ ಎಳೆಗಳನ್ನೇ ಸೆಳೆದು, ಕತ್ತರಿಸಿ, ಜ್ಯಾಮಿತಿಯ ವಿನ್ಯಾಸ ನೇಯುವ ಲೆಫ್ಕಾರಿಟಿಕಾ ಕಸೂತಿಯನ್ನು ಗಂಡಸರು ಗಂಟು ಕಟ್ಟಿಕೊಂಡು ಯುರೋಪಿನ ನಗರಗಳಲ್ಲಿ ಮನೆಮನೆ ತಿರುಗಿ ಮಾರಿ ಬಂದರು. ಲಿಯೊನಾರ್ಡೊ ಡ ವಿಂಚಿ 1481ರಲ್ಲಿ ಇಲ್ಲಿಗೆ ಬಂದು ಮಿಲಾನಿನ ಕೆಥೆಡ್ರಲ್‌ಗೆ ಒಂದು ವಸ್ತ್ರ ಒಯ್ದನೆಂಬುದು ಊರವರು ಪ್ರೀತಿಯಿಂದ ಹೇಳುವ ಐತಿಹ್ಯ. ಇತಿಹಾಸದ ದಾಖಲೆಯಾಗಿ ಅದನ್ನು ಒಪ್ಪುವಂತಿಲ್ಲ. ಕಸೂತಿಯ ಘನತೆಗೆ ಅದರ ಆಸರೆಯೂ ಬೇಕಿಲ್ಲ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಅದು ತನ್ನ ಬಲದಿಂದಲೇ ಸೇರಿತು.

ಹಳ್ಳಿಯೆಂದರೆ ಬರಿ ಸೊಗಸೆಂದು ಭಾವಿಸಿದರೆ ಅಲ್ಲಿ ಬಾಳಿದವರಿಗೆ ಅನ್ಯಾಯ. 1878ರಿಂದ 1960ರವರೆಗಿನ ಬ್ರಿಟಿಷ್ ಆಳ್ವಿಕೆಯಲ್ಲಿ ಸೈಪ್ರಸ್ ರೈತ ಲೇವಾದೇವಿಗಾರನ ಕೈಯಲ್ಲಿ ನರಳಿದ. 1909ರಲ್ಲಿ ಲೆಫ್ಕೊನಿಕೊ ಊರಿನಲ್ಲಿ ದ್ವೀಪದ ಮೊದಲ ಸಹಕಾರಿ ಸಾಲಸಂಘ ಹುಟ್ಟಿದ್ದು ಅದೇ ಸಂಕಟದಿಂದ. ಜಮೀನಿನ ಒಡೆತನವಂತೂ ಗೋಜಲು. ನೆಲ ಒಬ್ಬನದು, ಅದರ ಮೇಲಿನ ಆಲಿವ್ ಮರ ಇನ್ನೊಬ್ಬನದು, ಹರಿಯುವ ನೀರು ಮೂರನೆಯವನದು ಆಗಿರಬಹುದಿತ್ತು. ಮಗಳಿಗೆ ಮನೆ ಕೊಡಬೇಕು, ಹೊಲವನ್ನು ಎಲ್ಲ ಮಕ್ಕಳಿಗೂ ಹಂಚಬೇಕು. ಹಂಚಿ ಹಂಚಿ ಒಂದೊಂದು ಕುಟುಂಬದ ಹೊಲ ಹತ್ತು ಕಡೆ ಚೂರಾಯಿತು. ಎಷ್ಟೋ ಮನೆಗಳಿಗೆ ಇಂದು ಲಂಡನ್, ಮೆಲ್ಬರ್ನ್, ನಿಕೊಸಿಯಾಗಳಲ್ಲಿ ಚದುರಿದ ಹತ್ತಾರು ಪಾಲುದಾರರು. ಅಷ್ಟೂ ಜನರ ಸಹಿ ಕೂಡಿಸುವುದರೊಳಗೆ ಚಾವಣಿ ಕುಸಿದಿರುತ್ತದೆ.

ಗಂಡಸರು ಮೊದಲು ಇಳಿದದ್ದು ಗಣಿಗೆ. 1904ರಿಂದ 1988ರವರೆಗೆ ನಡೆದ ಅಮಿಯಾಂಡೊಸ್‌ನ ಕಲ್ನಾರಿನ ಗಣಿ ಸುತ್ತಲ ಊರುಗಳ ಸಾವಿರಾರು ಕೈಗಳನ್ನು ಸೆಳೆಯಿತು. ಅದರ ಬೆನ್ನಿಗೆ ಲಂಡನ್ನಿನ ಹಡಗು. 1953ರ ಸೆಪ್ಟೆಂಬರ್ 10ರಂದು ಪಾಫೋಸ್ ಜಿಲ್ಲೆಯಲ್ಲಿ ಭೂಮಿ ನಡುಗಿ 40 ಮಂದಿ ಸತ್ತರು. ಸ್ಟ್ರೂಂಬಿಯಂಥ ಊರುಗಳು ನೆಲಕಚ್ಚಿದವು. ಭೂಕುಸಿತದಿಂದ ಬೇರೆ ಜಾಗಕ್ಕೆ ಎದ್ದುಹೋದ ಊರುಗಳೂ ಇವೆ. ಆದರೆ ಕಲ್ಲೂರುಗಳ ಎದೆಗೆ ಬಿದ್ದ ದೊಡ್ಡ ಪೆಟ್ಟು ಮನುಷ್ಯರದೇ.

ಈ ಭಾಗದಲ್ಲಿ ಕನ್ನಡ ನೆಲದ ಒಬ್ಬರು ಬರುತ್ತಾರೆ. 1963ರ ಕೊನೆಗೆ ಗ್ರೀಕ್ ಮತ್ತು ತುರ್ಕಿ ಸೈಪ್ರಸಿಗರ ನಡುವೆ ಹಿಂಸೆ ಭುಗಿಲೆದ್ದಾಗ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು. 1964ರ ಜುಲೈನಲ್ಲಿ ಅದರ ದಂಡನಾಯಕತ್ವ ವಹಿಸಿದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಸಲ್ಲಿಸಿದ ವರದಿ, ಬಹುಪಾಲು ತುರ್ಕಿ ಅಥವಾ ಮಿಶ್ರ ಜನವಸತಿಯ 109 ಊರುಗಳಲ್ಲಿ 527 ಮನೆಗಳು ನಾಶವಾಗಿವೆ, 2,000 ಮನೆಗಳು ಲೂಟಿಯಿಂದ ಹಾಳಾಗಿವೆ ಎಂದು ಲೆಕ್ಕ ಕೊಟ್ಟಿತು. ಸುಮಾರು 25,000 ತುರ್ಕಿ ಸೈಪ್ರಸಿಗರು ಊರು ತೊರೆದು ಗುಂಪು ವಸತಿಗಳಲ್ಲಿ ನೆಲೆಸಿದರು. ಒಂದೇ ಬಾವಿ, ಒಂದೇ ಕಣ ಹಂಚಿಕೊಂಡಿದ್ದ ನೆರೆಯವರ ನಡುವೆ ನಿಲ್ಲುವ ಕೆಲಸ ತಿಮ್ಮಯ್ಯನವರ ಸೈನಿಕರದಾಗಿತ್ತು. 1965ರ ಡಿಸೆಂಬರ್ 18ರಂದು ಅವರು ಸೈಪ್ರಸ್‌ನಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಾಕಾದಲ್ಲಿ ಅವರ ಹೆಸರಿನ ರಸ್ತೆ ಇದೆ.

ಹತ್ತು ವರ್ಷಕ್ಕೆ ಎಲ್ಲ ಮುರಿದುಬಿತ್ತು. 1974ರ ಜುಲೈನಲ್ಲಿ ಗ್ರೀಸ್‌ನ ಸೇನಾಡಳಿತದ ಕುಮ್ಮಕ್ಕಿನ ಕ್ಷಿಪ್ರಕ್ರಾಂತಿ, ಬೆನ್ನಿಗೇ ತುರ್ಕಿಯ ದಾಳಿ, ದ್ವೀಪ ಎರಡು ಹೋಳು. 1,60,000ಕ್ಕೂ ಹೆಚ್ಚು ಗ್ರೀಕ್ ಸೈಪ್ರಸಿಗರು ದಕ್ಷಿಣಕ್ಕೆ, 40,000ಕ್ಕೂ ಹೆಚ್ಚು ತುರ್ಕಿ ಸೈಪ್ರಸಿಗರು ಉತ್ತರಕ್ಕೆ ದಿಕ್ಕಾಪಾಲಾದರು. ಪಾಫೋಸ್ ಗುಡ್ಡಗಳ ವ್ರೆತ್ಸಿಯಾ, ಸೂಸ್ಕಿಯು ಮುಂತಾದ ತುರ್ಕಿ ಊರುಗಳು ಅಂದು ಖಾಲಿಯಾದವು, ಮತ್ತೆ ತುಂಬಲಿಲ್ಲ. ಆ ಆಸ್ತಿಗಳಿಗೆ ಸರ್ಕಾರವೇ ಪಾಲಕ. ಮಾರುವಂತಿಲ್ಲ, ಮಾಲೀಕರು ಬಂದು ಇರುವ ಸ್ಥಿತಿಯೂ ಇಲ್ಲ. ಮಾಳಿಗೆಗೆ ಮಣ್ಣು ಹಾಕುವವರು ಯಾರು? ಉತ್ತರದಲ್ಲೂ ಇದೇ ನೋವಿನ ಇನ್ನೊಂದು ಮುಖ. ಲಾರೆನ್ಸ್ ಡರೆಲ್ 1953ರಲ್ಲಿ ಮನೆ ಕೊಂಡು, ಆ ಅನುಭವವನ್ನು 'ಬಿಟರ್ ಲೆಮನ್ಸ್' ಪುಸ್ತಕವಾಗಿಸಿದ ಬೆಲ್ಲಾಪೈಸ್‌ನ ಗ್ರೀಕ್ ನಿವಾಸಿಗಳು ಅಲ್ಲಿ ಉಳಿಯಲಿಲ್ಲ. ಮಾರೊನೈಟ್ ಕ್ರೈಸ್ತರ ಕೊರ್ಮಾಕಿಟಿಸ್‌ನಲ್ಲಿ ಉಳಿದ ಹಿರಿಯರ ಜೊತೆ ಅವರ ಸನ್ನಾ ಎಂಬ ಅರಬ್ಬಿ ನುಡಿಯೂ ಅಳಿವಿನಂಚಿಗೆ ಬಂದು ನಿಂತಿದೆ.

ಇನ್ನೊಂದು ಊರಿನ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಲಿಮಸೋಲ್ ಮತ್ತು ಲಾರ್ನಾಕಾ ನಡುವಿನ ಟೊಖ್ನಿ ಇಂದು ಪ್ರವಾಸಿಗರ ಮೆಚ್ಚಿನ ಕಲ್ಲೂರು. ಕಣಿವೆಗೆ ಮುಖ ಮಾಡಿದ ಮನೆಗಳಲ್ಲಿ ಅತಿಥಿಕೋಣೆಗಳಿವೆ. 1974ರ ಆಗಸ್ಟ್ 14ರಂದು ಗ್ರೀಕ್ ಸೈಪ್ರಸಿಗ ಬಂದೂಕುಧಾರಿಗಳು ಟೊಖ್ನಿ ಮತ್ತು ಸುತ್ತಲಿನ ಊರುಗಳ ತುರ್ಕಿ ಗಂಡಸರನ್ನು, ಹುಡುಗರನ್ನು ಬಸ್ಸಿನಲ್ಲಿ ಒಯ್ದು ಕೊಂದರು. ಸತ್ತವರು 80ಕ್ಕೂ ಹೆಚ್ಚು. ಅದೇ ಬೇಸಿಗೆಯಲ್ಲಿ ಉತ್ತರದ ಪಲೈಕಿಥ್ರೊದಲ್ಲಿ ಗ್ರೀಕ್ ಕುಟುಂಬಗಳವರು ಮಕ್ಕಳ ಸಮೇತ ಹತರಾದರು. ಎರಡೂ ಸಮುದಾಯಗಳಿಂದ ಕಾಣೆಯಾದ 2,002 ಮಂದಿಯ ಪಟ್ಟಿ ಹಿಡಿದು ಜಂಟಿ ಸಮಿತಿಯೊಂದು ಇಂದಿಗೂ ಮೂಳೆಗಳನ್ನು ಹುಡುಕುತ್ತಿದೆ. ಇಂಥ ಊರುಗಳ ಗೋಡೆಯನ್ನು ದುರಸ್ತಿ ಮಾಡುವವರು ಅದರ ನೆನಪನ್ನೂ ಗೋಡೆಯ ಮೇಲೆ ಬರೆದಿಡುವುದು ನ್ಯಾಯ.

ಉಳಿಸುವ ಯತ್ನ ಎಪ್ಪತ್ತರ ದಶಕದಿಂದಲೇ ಆರಂಭವಾಯಿತು. ಫಿಕಾರ್ಡು ಮೊದಲ ದಾರಿ: ಊರನ್ನೇ ಸ್ಮಾರಕ ಮಾಡುವುದು. ಎರಡನೆಯದು, ಹಳೆಯ ಮನೆಗಳನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿ, ದುರಸ್ತಿಗೆ ಸರ್ಕಾರದ ಧನಸಹಾಯ ಕೊಡುವುದು. ಮೂರನೆಯದು ಗ್ರಾಮಪ್ರವಾಸ. ಅಕಾಮಸ್ ಅಂಚಿನ ಊರುಗಳಲ್ಲಿ ಪರಿಸರವಾದಿಗಳು ಹುಟ್ಟುಹಾಕಿದ ಲಾವೊನಾ ಯೋಜನೆ ಇದಕ್ಕೆ ಮಾದರಿಯಾಯಿತು. ಕರಾವಳಿಯ ಹೋಟೆಲುಗಳತ್ತ ಹರಿಯುವ ಹಣದಲ್ಲಿ ಸ್ವಲ್ಪವಾದರೂ ಬೆಟ್ಟ ಹತ್ತಲಿ ಎಂಬುದು ಅದರ ಆಶಯ. 1990ರ ದಶಕದಲ್ಲಿ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯೂ ಈ ದಾರಿ ಹಿಡಿದು, ಹಳೆಯ ಮನೆಗಳನ್ನು ವಸತಿಗೃಹಗಳಾಗಿ ಪರಿವರ್ತಿಸಲು ನೆರವು ನೀಡಿತು. ಕಾಲೊಪನಯೋಟಿಸ್‌ನಲ್ಲಿ ಗಂಧಕದ ಬುಗ್ಗೆ, ಹಳೆಯ ಮಠ, ದುರಸ್ತಿಯಾದ ಮನೆಗಳು, ಕಣಿವೆಯಿಂದ ಮೇಲಿನ ಬೀದಿಗೆ ಲಿಫ್ಟ್, ಎಲ್ಲ ಕೂಡಿ ಊರಿಗೆ ಮತ್ತೆ ಕೆಲಸ ಹುಟ್ಟಿದೆ. ವೂನಿಯಲ್ಲಿ ಕೆಲಸವಿಲ್ಲದೆ ಬೀದಿಪಾಲಾದ ಕತ್ತೆಗಳಿಗೆ ಆಶ್ರಯಧಾಮ ಬಂತು. ಟ್ರ್ಯಾಕ್ಟರು ಬಂದ ಮೇಲೆ ಊರಿನ ಹಳೆಯ ದುಡಿಮೆಗಾರನ ಗತಿ ಏನಾಯಿತೆಂದು ಯೋಚಿಸಿದವರು ಇದ್ದಾರೆಂಬುದೇ ಸಮಾಧಾನ.

ಫಲ ಸಿಕ್ಕಿಲ್ಲವೆನ್ನುವಂತಿಲ್ಲ. ಬೀಳಬೇಕಿದ್ದ ನೂರಾರು ಮನೆಗಳು ನಿಂತಿವೆ. ಕಮಾನು ಕಟ್ಟುವ ಕಲ್ಲುಕುಟಿಗರಿಗೆ ಮತ್ತೆ ಕೂಲಿ ಸಿಕ್ಕಿತು. ಆದರೆ ದುರಸ್ತಿಯಾದ ಮನೆಗಳ ಪೈಕಿ ಎಷ್ಟೋ ವಾರಾಂತ್ಯದ ಮನೆಗಳು. ಶುಕ್ರವಾರ ಸಂಜೆ ಬೀಗ ತೆಗೆದು ಭಾನುವಾರ ಸಂಜೆ ಹಾಕುವವರು ಬದುವಿನ ಕಲ್ಲು ಎತ್ತಿಡುವುದಿಲ್ಲ, ಮೇಕೆ ಸಾಕುವುದಿಲ್ಲ, ಮಕ್ಕಳನ್ನು ಊರ ಶಾಲೆಗೆ ಸೇರಿಸುವುದಿಲ್ಲ. ಲೆಫ್ಕಾರಾದ ಓಣಿಯಲ್ಲಿ ಜಗುಲಿಯ ಮೇಲೆ ಕೂತು ಕಸೂತಿ ಹಾಕುವ ಅಜ್ಜಿಯರ ಪಕ್ಕದ ಅಂಗಡಿಯಲ್ಲೇ ಹೊರನಾಡಿನ ಯಂತ್ರದ ಕಸೂತಿ ತೂಗಾಡುತ್ತದೆ. ಒಂದು ಮೇಜುಬಟ್ಟೆಗೆ ತಿಂಗಳುಗಟ್ಟಲೆ ಕಣ್ಣು ಬಸಿಯುವ ಕೈಗೆ ಆ ಬೆಲೆಯ ಜೊತೆ ಪೈಪೋಟಿ ಅಸಾಧ್ಯ.

ಹೊಲದ ಕತೆ ಇನ್ನೂ ಕಠಿಣ. ಲಿಮಸೋಲ್‌ನ ದೊಡ್ಡ ಮದ್ಯ ಕಂಪನಿಗಳು ಬಹುಕಾಲ ಊರುಗಳ ದ್ರಾಕ್ಷಿಯನ್ನು ತೂಕದ ಲೆಕ್ಕದಲ್ಲಿ ಕೊಂಡು, ಅಗ್ಗದ ಮದ್ಯ ಮಾಡಿ ಪೂರ್ವ ಯುರೋಪಿಗೆ ಕಳಿಸುತ್ತಿದ್ದವು. ಸೋವಿಯತ್ ಬಣ ಕುಸಿದಾಗ ಆ ಮಾರುಕಟ್ಟೆಯೂ ಕುಸಿಯಿತು. 2004ರಲ್ಲಿ ಸೈಪ್ರಸ್ ಯುರೋಪಿಯನ್ ಒಕ್ಕೂಟ ಸೇರಿತು. ಅತಿ ಉತ್ಪಾದನೆ ತಗ್ಗಿಸಲು ಒಕ್ಕೂಟ ಬಳ್ಳಿ ಕೀಳುವವರಿಗೆ ಹಣ ಕೊಡುವ ಯೋಜನೆ ತಂದಾಗ ಬೆಟ್ಟದ ವಯಸ್ಸಾದ ರೈತರಿಗೆ ಅದೇ ನಿವೃತ್ತಿ ವೇತನದಂತೆ ಕಂಡದ್ದರಲ್ಲಿ ಅಚ್ಚರಿಯಿಲ್ಲ. ದ್ವೀಪದ ದ್ರಾಕ್ಷಿತೋಟಗಳ ವಿಸ್ತೀರ್ಣ ಎರಡು ದಶಕಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಇತ್ತ ಒಂದು ಕೈ ಮನೆ ಉಳಿಸಲು ಹಣ ಕೊಟ್ಟಿತು, ಅತ್ತ ಇನ್ನೊಂದು ಕೈ ಆ ಮನೆಯ ಅನ್ನದ ಬೇರು ಕೀಳಲು ಹಣ ಕೊಟ್ಟಿತು. ಒಳ್ಳೆಯ ಸುದ್ದಿಯೂ ಇದೆ: ಊರುಗಳಲ್ಲೇ ಹುಟ್ಟಿದ ಸಣ್ಣ ಮದ್ಯಶಾಲೆಗಳು ಕ್ಸಿನಿಸ್ಟೇರಿಯಂಥ ನಾಡತಳಿಗಳಿಗೆ ಹೊಸ ಗೌರವ ತಂದಿವೆ. ಹಲ್ಲೂಮಿಗೆ 2021ರಲ್ಲಿ ಯುರೋಪಿನ ಮೂಲಸ್ಥಾನದ ರಕ್ಷಣೆ ಸಿಕ್ಕಿತು. ಅದರಲ್ಲಿ ಕುರಿ-ಮೇಕೆಯ ಹಾಲು ಹಸುವಿನ ಹಾಲಿಗಿಂತ ಹೆಚ್ಚಿರಬೇಕೆಂಬುದು ನಿಯಮ. ಅದರ ಪೂರ್ತಿ ಜಾರಿಯ ಗಡುವನ್ನು ಮುಂದೂಡಲಾಗಿದೆ. ಗುಡ್ಡದ ಕುರಿಗಾಹಿಗಳಿಗೆ ನಿಜವಾದ ಲಾಭ ಆ ನಿಯಮ ಜಾರಿಯಾದ ದಿನದಿಂದ.

ಮನೆ, ಹೊಲಗಳ ಮಾತಿನ ನಡುವೆ ಜನರನ್ನು ಮರೆಯುವಂತಿಲ್ಲ. ವರ್ಣಚಿತ್ರಕಾರ ಅದಮಾಂಟಿಯೊಸ್ ದಿಯಾಮಾಂಟಿಸ್ 1930ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ, ಕಾಫಿ ಅಂಗಡಿಗಳಲ್ಲಿ ಕೂತ ರೈತರ ರೇಖಾಚಿತ್ರ ಬರೆದುಕೊಂಡರು. ಎಷ್ಟೋ ಊರುಗಳಲ್ಲಿ ಎಡಪಂಥದವರಿಗೊಂದು, ಬಲಪಂಥದವರಿಗೊಂದು ಕಾಫಿ ಅಂಗಡಿ ಇದ್ದ ಕಾಲ ಅದು. 1967ರಿಂದ 1972ರವರೆಗೆ ಆ ರೇಖೆಗಳನ್ನು ಕೂಡಿಸಿ 'ದಿ ವರ್ಲ್ಡ್ ಆಫ್ ಸೈಪ್ರಸ್' ಎಂಬ 17 ಮೀಟರಿಗೂ ಉದ್ದದ ಚಿತ್ರ ಬರೆದರು. ಅದರಲ್ಲಿ 67 ಜನರಿದ್ದಾರೆ. ಒರಟು ಬೂಟು, ಮಡಿಕೆಯ ದೊಗಲೆ ಶರಾಯಿ, ಮೊಣಕಾಲ ಮೇಲೆ ಇಳಿಬಿಟ್ಟ ದುಡಿದ ಕೈಗಳು. ಮನೆಗಳು ಹಿನ್ನೆಲೆಯಲ್ಲಷ್ಟೇ ಇವೆ. ಚಿತ್ರ ಮುಗಿದ ಎರಡೇ ವರ್ಷಕ್ಕೆ ದ್ವೀಪ ಒಡೆಯಿತು. ಊರು ಅಂದರೆ ಯಾರು ಎಂಬ ಪ್ರಶ್ನೆಗೆ ಸಂರಕ್ಷಣೆಯ ಕಡತಗಳಿಗಿಂತ ಈ ಚಿತ್ರದಲ್ಲಿ ಸ್ಪಷ್ಟ ಉತ್ತರವಿದೆ.

2025ರ ಜುಲೈ 23ರಂದು ಮದ್ಯದೂರುಗಳ ಪೈಕಿ ಒಂದಾದ ಮಾಲಿಯಾ ಬಳಿ ಬೆಂಕಿ ಹೊತ್ತಿತು. ಬಿಸಿಗಾಳಿಗೆ ಅದು ಊರಿಂದ ಊರಿಗೆ ಹಾರಿ, ಲೋಫು, ವೂನಿ, ಸೂನಿಗಳ ಸುತ್ತ 100 ಚದರ ಕಿಲೊಮೀಟರಿಗೂ ಹೆಚ್ಚು ನೆಲ ಸುಟ್ಟಿತು. ಇಬ್ಬರು ಪ್ರಾಣ ಕಳೆದುಕೊಂಡರು, ಮನೆಗಳು ಕರಕಲಾದವು. ಸೆಖೆ, ಬರ, ಆಡಳಿತದ ಸಿದ್ಧತೆ, ಎಲ್ಲದರ ಬಗ್ಗೆಯೂ ಚರ್ಚೆ ಆಗಿದೆ, ಆಗಲೂಬೇಕು. ಇದರ ಜೊತೆಗೆ ಕಣ್ಣಿಗೆ ಹೊಡೆಯುವ ಒಂದು ಸಂಗತಿಯಿದೆ. ಉತ್ತು ಹಸನಾಗಿಟ್ಟ ದ್ರಾಕ್ಷಿತೋಟದಲ್ಲಿ ಸಾಲುಗಳ ನಡುವೆ ಬರಿ ಮಣ್ಣು. ಬೆಂಕಿಗೆ ಅಲ್ಲಿ ಮೇವಿಲ್ಲ. ಕೈಬಿಟ್ಟ ಬದುಗಳಲ್ಲಿ ಒಣಹುಲ್ಲು, ಮುಳ್ಳುಕಂಟಿ, ತಾನಾಗಿ ಎದ್ದ ಪೈನ್ ಗಿಡ ಊರ ಗೋಡೆಯವರೆಗೂ ಹಬ್ಬಿರುತ್ತವೆ. ಊರಿನ ಸುತ್ತ ತೋಟವಿದ್ದಷ್ಟು ದಿನ ಅದೇ ಬೆಂಕಿಗೆ ತಡೆಯಾಗಿತ್ತು.

ಆದ್ದರಿಂದ ಸೈಪ್ರಸ್‌ನ ಸಂರಕ್ಷಣಾ ನೀತಿಯ ಕೇಂದ್ರ ಮನೆಯಿಂದ ಬದುವಿಗೆ ಸರಿಯಬೇಕು. ಕಿಟಕಿಯ ಚೌಕಟ್ಟಿಗೆ ಕೊಡುವ ಧನಸಹಾಯದಷ್ಟೇ ಉದಾರವಾಗಿ ಕುಸಿದ ಕಲ್ಲುಗೋಡೆ ಎತ್ತುವವರಿಗೂ ಕೊಡಬೇಕು. ಬಳ್ಳಿ ಉಳಿಸಿಕೊಂಡವರಿಗೆ ಬಳ್ಳಿ ಕಿತ್ತವರಿಗಿಂತ ಹೆಚ್ಚು ಸಿಗಬೇಕು. ಹತ್ತಾರು ಪಾಲುದಾರರ ಮನೆಯಲ್ಲಿ ವಾಸಿಸಲು ಸಿದ್ಧನಿರುವ ಒಬ್ಬನಿಗೆ ದಾರಿ ಬಿಡುವ ಕಾನೂನು ಬರಬೇಕು. ಸುಟ್ಟ ಇಳಿಜಾರಿನಲ್ಲಿ ಹೊಸದಾಗಿ ನೆಟ್ಟ ದ್ರಾಕ್ಷಿಬಳ್ಳಿ ಮೊದಲ ಫಸಲು ಕೊಡಲು ಮೂರು ವರ್ಷ ಬೇಕು. ಆ ಮೂರು ವರ್ಷ ಲೋಫು, ವೂನಿ, ಮಾಲಿಯಾಗಳ ರೈತರ ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ನಿಕೊಸಿಯಾ ಸರ್ಕಾರ ಈಗಲೇ ಹೇಳಬೇಕು.